ಮೊಗ್ಗು ಕಟ್ಟದ ಮಲ್ಲಿಗೆ

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ, ನಡುವೆ ಪಾಂಡವಪುರವನ್ನೂ ಕೆ.ಆರ್. ಪೇಟೆಯನ್ನೂ ಸೇರಿಸಿಕೊಂಡು, ಹೂವಿನ ಗಿಡಕ್ಕೆ ಕತ್ತರಿ ಹಾಕಬಲ್ಲ ಗಂಡಸು ಅಂತ ಇದ್ದದ್ದು ಒಬ್ಬನೇ. ಅವನು ಗಂಜಾಂನ ಚಲುವರಾಜು. ಅವನ ಮೊಪೆಡ್ಡು ಬೀದಿಯ ತುದಿಯಲ್ಲಿ ಕೆಮ್ಮಿದರೆ ಸಾಕು, ಕಾಂಪೌಂಡಿನೊಳಗಿನ ಗುಲಾಬಿಗಳು ಸೊಂಟ ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಿದ್ದವು. ಹನ್ನೊಂದು ವರ್ಷ ಹಟ ಹಿಡಿದು ಹೂ ಬಿಡದೆ ಕೂತಿದ್ದ ದಾಸವಾಳವೊಂದು, ಅವನು ಚೀಲದಿಂದ ಕತ್ತರಿ ತೆಗೆದ ಸದ್ದಿಗೇ ಹೆದರಿ ಮೂರು ಮೊಗ್ಗು ಬಿಟ್ಟಿತ್ತು. ಇದನ್ನು ಕಣ್ಣಾರೆ ಕಂಡವರು ನಾಲ್ಕು ತಾಲ್ಲೂಕಿನಲ್ಲಿ ಕಡಿಮೆಯೆಂದರೂ ನಲವತ್ತು ಸಾವಿರ ಜನ ಇದ್ದಾರೆ.

ಇಂಥ ಚಲುವರಾಜುವನ್ನು, ಡಿಸೆಂಬರ್ ಕೊನೆಯ ಒಂದು ಭಾನುವಾರ, ಪಾಂಡವಪುರದ ದೇವಯ್ಯನವರ ಹಿತ್ತಲಲ್ಲಿ, ಒಬ್ಬ ಹುಡುಗಿ ಬರೀ ಒಂದು ಪೊರಕೆ ಹಿಡಿದು ತಡೆದು ನಿಲ್ಲಿಸಿಬಿಟ್ಟಳು.

"ಇನ್ನೊಂದು ಹೆಜ್ಜೆ ಇಟ್ರೆ ನೋಡಿ!"

ಅವಳು ನಿಮಿಷಾ, ದೇವಯ್ಯನವರ ಒಬ್ಬಳೇ ಮಗಳು. ತಾಯಿಯಿಲ್ಲದ ಅವಳನ್ನು ಅಜ್ಜಿ ಸಿದ್ದಲಿಂಗಮ್ಮ ಸಾಕಿದ್ದಳು. ನಿಮಿಷಾ ನಾಗಮಂಗಲದ ಒಂದು ಶಾಲೆಯಲ್ಲಿ ಗಣಿತದ ಮೇಡಂ. ಬೆಳಗಿನ ಏಳೂಕಾಲಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವಳು. ಅವಳು ಒಂದೇ ಒಂದು ಸಲ ಓರೆಗಣ್ಣಲ್ಲಿ ನೋಡಿದ್ದಕ್ಕೆ ಆ ಬಸ್ಸಿನ ಕಂಡಕ್ಟರು ಪಾಂಡವಪುರದಲ್ಲಿ ಕೊಡಬೇಕಾದ ಟಿಕೆಟ್ಟನ್ನು ಜಕ್ಕನಹಳ್ಳಿ ದಾಟಿದ ಮೇಲೆ ಕೊಟ್ಟಿದ್ದ. ಕಂಡಕ್ಟರಿನ ಗತಿಯೇ ಹೀಗಾದರೆ ಚಲುವರಾಜುವಿನ ಗತಿ ಏನು?

"ಕಟಿಂಗ್ ಮಾಡ್ಬೇಕು ಮೇಡಂ. ಅಜ್ಜಿ ಫೋನ್ ಮಾಡಿ ಕರ್ಸವ್ರೆ," ಅಂದ.

"ಈ ಮಲ್ಲಿಗೆ ಹಿಂಗೇ ಚೆನ್ನಾಗದೆ. ಅಲ್ಲಿ ಗುಲಾಬಿ ಅದೆ, ಇಲ್ಲಿ ದಾಸವಾಳ ಅದೆ. ಏನೂ ಸಿಗ್ಲಿಲ್ಲ ಅಂದ್ರೆ ನಿಮ್ ತಲೆ ಅದೆ. ಅದನ್ನ ಕತ್ತರಿಸ್ಕಳಿ."

ಚಲುವರಾಜುವಿನ ಎದೆ ಕರಗಿ ನೀರಾಯಿತು. ಗಿಡಕ್ಕೆ ನೋವಾಗುತ್ತದೆಂದು ಇಷ್ಟು ಮರುಗುವ ಹುಡುಗಿಯನ್ನು ಅವನು ಭೂಮಂಡಲದಲ್ಲೇ ಕಂಡಿರಲಿಲ್ಲ.

"ಗಿಡಕ್ಕೆ ನೋವಾಗಲ್ಲ ಮೇಡಂ," ಎಂದು ಮಗುವಿಗೆ ಹೇಳುವಂತೆ ಹೇಳಿದ. "ನಿದ್ದೆಗಣ್ಣಲ್ಲಿರೋ ಟೈಮು ಇದು. ಈಗ ಕತ್ತರಿಸಿದ್ರೆ ಅದ್ಕೆ ತಲೆ ಬಾಚ್ದಂಗೆ ಅಷ್ಟೆ."

ನಿಮಿಷಾ ಕಣ್ಣನ್ನು ಆಕಾಶಕ್ಕೆ ಎತ್ತಿದಳು. ರೆಪ್ಪೆ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಅವನಿಗೆ ಎರಡು ವರ್ಷ ವಯಸ್ಸಾಯಿತು.

"ನಿಮ್ಗೆ ಗಿಡದ ಮನಸ್ಸು ಬುಟ್ಟು ಬೇರೆ ಯಾರ್ ಮನಸ್ಸೂ ಅರ್ಥ ಆಗಲ್ವಾ?"

ಅಷ್ಟರಲ್ಲಿ ಸಿದ್ದಲಿಂಗಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. "ಲೇ ನಿಮಿಷಾ, ಬುಡೇ ಅವನ್ನ. ಮಲ್ಲಿಗೆ ಮೊಗ್ಗಾಗ್ದೆ ನಿಂಗೆ ಊವ ಮುಡ್ಸೋದೆಂಗೆ? ಚಲುವ, ನಿಂಗೆ ಯೋಳಿರ್ಲಿಲ್ಲ ಅಲ್ವೇನ್ಲಾ ಮಗ? ಗಂಡು ಒಪ್ಕಂಡದೆ. ಸಿಂಧಘಟ್ಟದೋರು. ಸಂತೋಷ್ ಅಂತ, ದನದ ಡಾಕ್ಟ್ರು."

ಕನ್ನಂಬಾಡಿ ಕಟ್ಟೆಯ ಅಷ್ಟೂ ಗೇಟುಗಳು ಒಟ್ಟಿಗೆ ತೆರೆದು ನೀರೆಲ್ಲ ತನ್ನೊಬ್ಬನ ತಲೆಯ ಮೇಲೆ ಬಿದ್ದಂತಾಯಿತು ಚಲುವರಾಜುವಿಗೆ. ಆದರೆ ಬಾಯಿಂದ ಬಂದದ್ದು ಇಷ್ಟೇ: "ಒಳ್ಳೇದಾಯ್ತು ಬುಡಜ್ಜಿ."

ಪೊರಕೆ ನಿಮಿಷಾಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಆ ಮನೆಗೆ ಒಂದು ಪದ್ಧತಿಯಿತ್ತು. ಹೂ ಮುಡಿಸುವ ಶಾಸ್ತ್ರದ ದಿನ ಮನೆಯ ಹುಡುಗಿಯ ಜಡೆಗೆ ಅಂಗಡಿಯ ಹೂವು ಸೋಕಬಾರದು. ಹಿತ್ತಲ ದುಂಡುಮಲ್ಲಿಗೆಯೇ ಆಗಬೇಕು. ಸಿದ್ದಲಿಂಗಮ್ಮ ಮದುವೆಯಾಗಿ ಬಂದಾಗ ತವರಿನಿಂದ ಕಡ್ಡಿ ತಂದು ನೆಟ್ಟ ಗಿಡ ಅದು. ಅವಳ ಮೂವರು ಹೆಣ್ಣುಮಕ್ಕಳಿಗೂ ಅದರದ್ದೇ ಹೂವು ಮುಡಿಸಿದ್ದರು. ಆದ್ದರಿಂದ ಆ ಮನೆಯಲ್ಲಿ ಶಾಸ್ತ್ರಕ್ಕೆ ಪಂಚಾಂಗ ನೋಡುತ್ತಿರಲಿಲ್ಲ, ಗಿಡ ನೋಡುತ್ತಿದ್ದರು. ಒಂದೇ ಬೆಳಗಿಗೆ ಒಂದು ಬುಟ್ಟಿ ಮೊಗ್ಗು ಸಿಕ್ಕಿತೆಂದರೆ ಅಂದೇ ಸಂಜೆ ಗಂಡಿನ ಕಡೆಯವರನ್ನು ಕರೆಯುವುದು.

ಅಂದರೆ ಚಲುವರಾಜು ಎಷ್ಟು ಚೆನ್ನಾಗಿ ಕತ್ತರಿ ಹಾಕುತ್ತಾನೋ ನಿಮಿಷಾ ಅಷ್ಟು ಬೇಗ ಸಿಂಧಘಟ್ಟಕ್ಕೆ ಹೋಗುತ್ತಾಳೆ.

ಮೂರು ವರ್ಷದಿಂದ ಅವನು ಆ ಹಿತ್ತಲಿಗೆ ಬರುತ್ತಿದ್ದ. ಅಕ್ಟೋಬರಿನಲ್ಲಿ ಗುಲಾಬಿ, ಡಿಸೆಂಬರಿನಲ್ಲಿ ಮಲ್ಲಿಗೆ, ಫೆಬ್ರವರಿಯಲ್ಲಿ ದಾಸವಾಳ. ಅರ್ಧ ಗಂಟೆಯ ಕೆಲಸಕ್ಕೆ ಮೂರು ಗಂಟೆ ತೆಗೆದುಕೊಳ್ಳುತ್ತಿದ್ದ. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನಿನ ತುದಿಯನ್ನು ತುಟಿಗೆ ಒತ್ತಿಕೊಂಡು, "ಕತ್ತರಿ ಮೊಂಡಾಗದಾ, ಇಲ್ಲ ಕತ್ತರಿ ಹಿಡ್ದೋರು ಮೊಂಡಾಗಿದಾರಾ?" ಎಂದು ಕೇಳುತ್ತಿದ್ದಳು. ಅವನು ನಗುತ್ತಿದ್ದ. ಆ ನಗುವನ್ನು ಗಂಜಾಂವರೆಗೆ ಹೊತ್ತುಕೊಂಡು ಹೋಗಿ ಮುಂದಿನ ಕಟಿಂಗಿನವರೆಗೆ ಅದರಲ್ಲೇ ಬದುಕುತ್ತಿದ್ದ.

ಗಿಡಗಳ ವಿಷಯಕ್ಕೆ ಮೂರು ದಿನ ನಿಲ್ಲಿಸದೆ ಮಾತಾಡಬಲ್ಲ ಬಾಯಿ ಅದು. ಅವಳ ಮುಂದೆ ಮಾತ್ರ ಬೀಗ. ಎಸ್ಸೆಸ್ಸೆಲ್ಸಿ ಓದಿದವನು, ಮೊಪೆಡ್ಡಿನಲ್ಲಿ ಮನೆಮನೆ ತಿರುಗುವವನು, ಅಹಮದ್ ಪಾಷಾ ಅವರ ನರ್ಸರಿಯ ಮೂಲೆಯಲ್ಲಿ ಸಸಿ ಇಟ್ಟುಕೊಂಡವನು. ಅವಳೋ ಬಿಎಸ್ಸಿ. ಮೇಲಾಗಿ ಅಜ್ಜಿ ಅವನನ್ನು ಮನೆಮಗನಂತೆ ನಂಬಿ ಹಿತ್ತಲ ಬಾಗಿಲು ತೆರೆದಿಟ್ಟಿದ್ದಳು.

ಅವನು ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಕೆಡಿಸುವುದು ಎಷ್ಟು ಸುಲಭ! ಬುಡಕ್ಕೆ ಸಮನಾಗಿ ಕೊಚ್ಚಿಬಿಟ್ಟರೆ ಒಂದು ವರ್ಷ ಮೊಗ್ಗಿನ ಮಾತಿಲ್ಲ. 'ಕೊಚ್ಚು' ಎಂದು ಕೈಗೆ ಹೇಳಿದ. ಕೈ ಕೇಳಲಿಲ್ಲ. ತನ್ನಷ್ಟಕ್ಕೆ ತಾನೇ ಮೊಣಕಾಲೆತ್ತರ ಅಳೆದು, ಒಣಗಿದ ಕಡ್ಡಿ ಬೇರ್ಪಡಿಸಿ, ಪ್ರತಿ ರೆಂಬೆಯನ್ನೂ ಗೆಣ್ಣಿನ ಮೇಲೆ ಓರೆಯಾಗಿ, ಬೆಣ್ಣೆ ಕೊಯ್ದಂತೆ ಕೊಯ್ಯುತ್ತ ಹೋಯಿತು. ಅಷ್ಟು ಚಂದದ ಕಟಿಂಗು ಅವನ ಜನ್ಮದಲ್ಲೇ ಬಿದ್ದಿರಲಿಲ್ಲ. ಅವನಿಗೆ ಅಳು ಬಂತು.

ನಿಮಿಷಾ ಪಕ್ಕದಲ್ಲಿ ಬಂದು ಕೂತಳು. ಅವಳ ಜಡೆ ಮುಂದೆ ಜಾರಿ ಅವನ ಮೊಣಕೈಗೆ ತಾಗಿತು. ಅವಳು ಅದನ್ನು ತೆಗೆಯಲಿಲ್ಲ.

"ಹೇಳಿ ಮತ್ತೆ. ಇನ್ನು ಇದಕ್ಕೆ ಏನು ಮಾಡ್ಬೇಕು?"

"ಹದಿನೈದು ದಿನ ನೀರು ಕಾಣಿಸ್ಬಾರ್ದು. ಆಮೇಲೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ. ಆಮೇಲೂ ನೀರು ಹಿಡಿತದಲ್ಲೇ ಇರ್ಬೇಕು."

"ಅಕಸ್ಮಾತ್ ಜಾಸ್ತಿ ಹಾಕ್ಬುಟ್ರೆ?"

"ಅಯ್ಯೋ, ಬರೀ ಸೊಪ್ಪು! ಅದ್ರ ಜೊತೆ ಒಂದು ಹಿಡಿ ಯೂರಿಯಾ ಬಿದ್ರಂತೂ ಮುಗೀತು ಮೇಡಂ. ಸೊಕ್ಕಿ ಸೊಪ್ಪಾಗಿ ನಿಂತ್ಕತದೆ, ಹೂ ಬಿಡೋದನ್ನೇ ಮರ್ತ್ಬುಡ್ತದೆ."

"ಓಹೋ. ಒಂದು ಹಿಡಿ ಅಂದ್ರೆ ದಿನಾನಾ? ವಾರಕ್ಕಾ?"

"ವಾರಕ್ಕೊಂದು ಹಿಡಿ ಸಾಕು," ಅಂದ ಚಲುವರಾಜು ಹೆಮ್ಮೆಯಿಂದ. ತನ್ನ ವಿದ್ಯೆಯನ್ನು ಇಷ್ಟು ಶ್ರದ್ಧೆಯಿಂದ ಕೇಳುವವರು ಸಿಕ್ಕಿದ್ದರಲ್ಲ.

"ನೀರಲ್ಲಿ ಕಲಸಿ ಹಾಕ್ಬೋದಾ?"

"ಇನ್ನೂ ಬೇಗ ಹತ್ತತದೆ."

ಅವಳು ಎದ್ದು ನಿಂತಳು. ಕೆನ್ನೆಯಲ್ಲಿ ಒಂದು ಗುಳಿ ಬಿದ್ದು ಮುಚ್ಚಿತು. "ಎಷ್ಟೆಲ್ಲ ತಿಳ್ಕಂಡಿದೀರಪ್ಪಾ ನೀವು," ಅಂದಳು. ಅದು ಮೆಚ್ಚುಗೆಯೆಂದು ಅವನು ಫೆಬ್ರವರಿ ಮುಗಿಯುವವರೆಗೂ ನಂಬಿಕೊಂಡಿದ್ದ.

ಫೆಬ್ರವರಿ ನಡುವಿನಲ್ಲಿ ಅಜ್ಜಿಯ ಫೋನು ಬಂತು. "ಏನ್ಲಾ ಇದು? ಬಂದು ನೋಡ್ಲಾ ನೀನು ಮಾಡಿರೋ ಗನಂದಾರಿ ಕೆಲ್ಸವ!"

ಬಂದು ನೋಡಿದರೆ ಮಲ್ಲಿಗೆ ಗಿಡ ಮದವೇರಿದ ಆನೆಯಂತೆ ನಿಂತಿತ್ತು. ಒಂದೊಂದು ಎಲೆ ಊಟದೆಲೆಯಷ್ಟು ಅಗಲ. ಹಸಿರೋ ಹಸಿರು, ಕಪ್ಪಿಗೆ ತಿರುಗುವ ಹಸಿರು. ಪಕ್ಕದ ಮನೆಯವರ ಮೂರು ಕೋಳಿಗಳು ಅದರೊಳಗೆ ಹೊಕ್ಕು ದಾರಿ ತಪ್ಪಿ ನಾಲ್ಕು ದಿನವಾದ ಮೇಲೆ ಹೊರಗೆ ಬಂದವಂತೆ. ಮೊಗ್ಗು ಮಾತ್ರ ಸಾಸಿವೆ ಕಾಳಿನಷ್ಟೂ ಇಲ್ಲ.

ಅವನಿಗೆ ಒಂದು ಗಳಿಗೆ ಸಂತೋಷವಾಯಿತು. ಹೂವಿಲ್ಲ ಅಂದರೆ ಶಾಸ್ತ್ರವಿಲ್ಲ. ಮರುಗಳಿಗೆಯಲ್ಲೇ ಬೆವರು ಬಂತು. ಚಲುವರಾಜು ಕತ್ತರಿ ಹಾಕಿದ ಗಿಡ ಹೂ ಬಿಡಲಿಲ್ಲವೆಂದರೆ ನಾಳೆಯಿಂದ ಯಾವ ಮನೆಯ ಗೇಟು ತೆರೆಯುತ್ತದೆ? ಹೂವು ಬಂದರೆ ಅವಳು ಹೋಗುತ್ತಾಳೆ, ಬರದಿದ್ದರೆ ಹೆಸರು ಹೋಗುತ್ತದೆ. ಯಾವುದಕ್ಕೆ ಹರಕೆ ಹೊರುವುದು? ಆ ವಾರ ನಿಮಿಷಾಂಬೆಯ ಗುಡಿಗೆ ಹೋಗಿ ಕೈಮುಗಿದು ನಿಂತು, ಏನು ಕೇಳಬೇಕೆಂದು ತಿಳಿಯದೆ, ತೀರ್ಥ ಕುಡಿದು ವಾಪಸ್ಸು ಬಂದ.

ಫೆಬ್ರವರಿಯ ಕೊನೆಗೆ ದನದ ಡಾಕ್ಟರು ಸಂತೋಷ್ ತಮ್ಮ ತಾಯಿಯೊಂದಿಗೆ ಬಂದರು. ದಾಸವಾಳಕ್ಕೆ ಕತ್ತರಿ ಹಾಕುತ್ತ ಚಲುವರಾಜು ಹಿತ್ತಲಲ್ಲೇ ಇದ್ದ. ಹುಡುಗ ಒಳ್ಳೆಯವನೇ. ಅದೇ ಚಲುವರಾಜುವಿನ ದೊಡ್ಡ ಸಂಕಟ, ಬೈಯಲು ಏನೂ ಸಿಗುತ್ತಿರಲಿಲ್ಲ. ಸಂತೋಷ್ ಗಿಡದ ಸುತ್ತ ಒಂದು ಸುತ್ತು ಹಾಕಿ, ಒಂದು ಎಲೆ ಮಡಚಿ ನೋಡಿ, "ಹಸುವಾಗಿದ್ರೆ ಒಂದು ಇಂಜೆಕ್ಷನ್ ಕೊಡ್ತಿದ್ದೆ ಅಜ್ಜಿ. ಮೇವು ಜಾಸ್ತಿಯಾಗದೆ, ಗಬ್ಬ ಕಟ್ಟಿಲ್ಲ," ಅಂದರು.

ಮನೆಯವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಿಮಿಷಾ. ಕಣ್ಣೀರು ಬರುವಷ್ಟು ನಕ್ಕಳು. ಆ ನಗು ಚಲುವರಾಜುವಿನ ಪಕ್ಕೆಲುಬಿನ ನಡುವೆ ಗುಲಾಬಿ ಮುಳ್ಳಿನಂತೆ ಮುರಿದುಕೊಂಡು ಒಳಗೇ ಉಳಿಯಿತು. 'ಗಂಡಿನ ಮಾತಿಗೆ ಇಷ್ಟು ನಗುತ್ತಾಳೆ ಅಂದರೆ ಮನಸ್ಸು ಒಪ್ಪಿದೆ' ಎಂದುಕೊಂಡ. ಆ ಮಧ್ಯಾಹ್ನ ಅವನು ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಮೂರನೇ ದಿನ ಸ್ವಲ್ಪ ಉಂಡ.

ಒಂದು ರೆಂಬೆ ಮುರಿದುಕೊಂಡು ನರ್ಸರಿಗೆ ಹೋಗಿ ಅಹಮದ್ ಪಾಷಾ ಅವರ ಮುಂದೆ ಹಿಡಿದು, ಹೂವಿಗಾಗಿ ಆ ಮನೆಯ ಮದುವೆ ಕಾದು ನಿಂತಿರುವುದನ್ನೂ ಹೇಳಿದ. ಐವತ್ತು ವರ್ಷದಿಂದ ಗಿಡ ಬೆಳೆಸಿದ ಮುದುಕ ಕನ್ನಡಕ ಹಣೆಗೇರಿಸಿ ಎಲೆಯನ್ನು ಮೂಸಿ ನೋಡಿದರು.

"ಅರೆ ಬೇಟಾ, ಇದು ಯೂರಿಯಾ ಕುಡಿದಿರೋ ಗಿಡ. ಒಂದು ಸಲ ಅಲ್ಲ, ಬರೋಬರ್ ಎರಡು ತಿಂಗಳು ಕುಡಿದಿದೆ."

"ಯಾರು ಹಾಕ್ತಾರೆ ಚಾಚಾ? ಅಜ್ಜಿ ಯೂರಿಯಾ ಮುಟ್ಟಲ್ಲ. ದೇವಯ್ಯನೋರು ಹಿತ್ತಲಿಗೇ ಬರಲ್ಲ." ಚಲುವರಾಜು ಯೋಚಿಸಿ ಯೋಚಿಸಿ ಮುಷ್ಟಿ ಬಿಗಿದ. "ಗೊತ್ತಾಯ್ತು! ನನ್ ಹೆಸರು ಕೆಡ್ಸಕ್ಕೆ ಮೈಸೂರಿನ ಯಾವನೋ ಮಾಲಿ ಮಾಡ್ಸ್ತಾವ್ನೆ."

ಪಾಷಾ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ಅವನನ್ನು ನೋಡಿದರು. "ಮೈಸೂರಿಂದ ಪಾಂಡವಪುರಕ್ಕೆ ಯೂರಿಯಾ ಹಾಕೋಕೆ ಬರ್ತಾನಾ? ಯಾ ಅಲ್ಲಾ! ಆ ಮನೆಯಲ್ಲಿ ಶಾದಿ ಬೇಡ ಅನ್ನೋರು ಯಾರಿದಾರೆ, ಅದು ಯೋಚನೆ ಮಾಡು."

"ನಾನೊಬ್ನೇ," ಅಂದ ಚಲುವರಾಜು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡ.

ಪಾಷಾ ನಕ್ಕು ನೀರಿನ ಪೈಪು ಎತ್ತಿಕೊಂಡರು. "ಲೆಕ್ಕ ಸರಿಯಾಗಿ ಮಾಡು ಮಿಯಾ."

ಮರುದಿನ ಬೆಳಿಗ್ಗೆ ಆರೂಕಾಲಿಗೆ ಚಲುವರಾಜು ದೇವಯ್ಯನವರ ಹಿತ್ತಲ ಬಾಳೆಗಿಡದ ಹಿಂದೆ ನಿಂತಿದ್ದ. ಮೈಸೂರಿನ ಮಾಲಿ ಬಂದರೆ ಹಿಡಿಯಲು ಕೈಯಲ್ಲಿ ಗೋಣಿಚೀಲವೂ ಇತ್ತು.

ಹಿತ್ತಲ ಬಾಗಿಲು ತೆರೆಯಿತು. ಬಂದವಳು ನಿಮಿಷಾ. ಶಾಲೆಯ ಸೀರೆ, ಅರ್ಧ ಹೆಣೆದ ಜಡೆ, ಬಾಯಲ್ಲಿ ಎರಡು ಹೇರ್‌ಪಿನ್ನು, ಕೈಯಲ್ಲಿ ಒಂದು ನೀಲಿ ಮಗ್ಗು. ಗಿಡದ ಬುಡಕ್ಕೆ ಬಗ್ಗಿ ನಿಧಾನವಾಗಿ ಸುರಿದಳು.

"ಕುಡಿ ನಮ್ಮವ್ವ. ಇನ್ನೂ ಸ್ವಲ್ಪ ದಿನ ತಡ್ಕೊ. ಆ ಮೊದ್ದುಮಣಿ ಬಾಯಿ ಬುಡೋಗಂಟ ನೀನು ಮೊಗ್ಗು ಬುಡ್ಬೇಡ."

ಗೋಣಿಚೀಲ ಅವನ ಕೈಯಿಂದ ಬಿತ್ತು. ಆ ಸದ್ದಿಗೆ ಅವಳು ತಿರುಗಿದಳು. ಒಂದು ಪಿನ್ನು ಬಾಯಿಂದ ಬಿತ್ತು, ಇನ್ನೊಂದನ್ನು ನುಂಗಲಿಲ್ಲವೆಂಬುದೇ ಪುಣ್ಯ.

"ನೀವಾ?" ಅಂದ ಅವನು.

"ಅಲ್ಲ, ನಮ್ಮಜ್ಜಿ!" ಅವಳ ಕಿವಿಯ ತುದಿಯವರೆಗೆ ಕೆಂಪಾಯಿತು. "ಗಿಡದ ಡಾಕ್ಟ್ರಂತೆ, ನಾಕು ತಾಲ್ಲೂಕಿಗೆ ಒಬ್ರೇ ಅಂತೆ! ಯೂರಿಯಾ ಬಿದ್ದಿರೋದು ಗೊತ್ತಾಗಕ್ಕೆ ಎರಡು ತಿಂಗ್ಳು ಬೇಕಾಯ್ತಾ?"

"ಯಾಕ್ ಮೇಡಂ..."

"ಯಾಕಾ?" ಅವಳು ಮಗ್ಗನ್ನು ಒಗೆಯುವ ಕಲ್ಲಿನ ಮೇಲೆ ಕುಕ್ಕಿದಳು. "ಅಪ್ಪ ನನ್ನ ಕೇಳಿದ್ರು, ಒಪ್ಪಿಗೇನಾ ಅಂತ. ಏನಂತ ಹೇಳ್ಲಿ? ಬೇಡ ಅನ್ನಕ್ಕೆ ಕಾರಣ ಕೇಳ್ತಾರೆ. ಕಾರಣ ಗಂಜಾಂನಲ್ಲಿ ಕೂತದೆ, ಬಾಯಿ ಹೊಲ್ಕಂಡು. ನೀವು ಒಂದು ಮಾತು ಆಡಿದ್ರೆ ನಾನು ನೂರು ಆಡ್ತಿದ್ದೆ. ಅವತ್ತು ಅಜ್ಜಿ ಹೇಳಿದಾಗ 'ಒಳ್ಳೇದಾಯ್ತು ಬುಡಜ್ಜಿ' ಅಂದ್ರಲ್ಲ, ಆ ಪೊರಕೆಯಲ್ಲೇ ಬಾರಿಸ್ಬೇಕಿತ್ತು ನಾನು."

ಅವನು ಬಾಯಿ ತೆರೆದ. ಮೂರು ವರ್ಷದ ಮಾತು ಒಟ್ಟಿಗೆ ಗಂಟಲಿಗೆ ಬಂದು, ನಾಗಮಂಗಲದ ಸಂತೆ ದಿನದ ಬಸ್ಸಿನ ಬಾಗಿಲಿನಲ್ಲಿ ಆಗುವಂತೆ, ಒಂದನ್ನೊಂದು ತಳ್ಳಿಕೊಂಡು ಯಾವುದೂ ಹೊರಗೆ ಬರಲಿಲ್ಲ.

ನಿಮಿಷಾ ಕಾದಳು. ಅವಳ ಕಣ್ಣು ತುಂಬಿತು. ಕೆನ್ನೆಯ ಗುಳಿ ಎಲ್ಲೂ ಕಾಣಲಿಲ್ಲ.

"ಸರಿ," ಅಂದಳು ಮೆಲ್ಲಗೆ. "ಇವತ್ತಿಂದ ನೀರು ನಿಲ್ಲಿಸ್ತೀನಿ. ಎಷ್ಟು ದಿನಕ್ಕೆ ಮೊಗ್ಗು ಬತ್ತದೆ?"

"ತುದಿ ಚಿವುಟಿ ಒಣಗಾಕಿದ್ರೆ... ಮೂರು ವಾರ." ಗಿಡದ ಪ್ರಶ್ನೆಯಾದರೆ ಉತ್ತರ ತಾನಾಗಿ ಬರುತ್ತಿತ್ತು. ತನ್ನ ನಾಲಿಗೆಯನ್ನು ಕತ್ತರಿಸಿಕೊಳ್ಳಬೇಕೆನಿಸಿತು.

"ಮೂರು ವಾರ. ಅಷ್ಟ್ರಲ್ಲಿ ಅಪ್ಪನ ಹತ್ರ ಬಂದು ಮಾತಾಡಿ. ಆಗಲ್ವಾ, ಬುಡಿ. ನಾನು ಮಾತ್ರ ಇನ್ನು ಯಾರನ್ನೂ ಕಾಯಿಸಲ್ಲ, ಗಿಡಾನೂ ಸಾಯ್ಸಲ್ಲ." ಏಳೂಕಾಲಿನ ಬಸ್ಸಿಗೆ ಹೊರಟುಹೋದಳು.

ಆ ಮೂರು ವಾರದಲ್ಲಿ ಚಲುವರಾಜು ದೇವಯ್ಯನವರ ಹತ್ತಿರ ಹೋಗಿದ್ದು ಒಟ್ಟು ಏಳು ಸಲ. ಮೊದಲ ಸಲ ಜಗಲಿಯಲ್ಲಿ ಕೂತಿದ್ದ ಅವರ ಮುಂದೆ ನಿಂತು, "ಸಾರ್, ಒಂದು ವಿಷಯ," ಅಂದ. "ಏನಪ್ಪಾ?" ಅಂದರು. "ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಬಿದ್ದದೆ," ಅಂದ. ಎರಡನೇ ಸಲ ಗುಲಾಬಿಯ ಒಣಗಿದ ರೆಂಬೆ ತೆಗೆದು ಬಂದ. ನಾಲ್ಕನೇ ಸಲಕ್ಕೆ ಅವರ ಬೀದಿಯಲ್ಲಿ ಕತ್ತರಿಸದ ಗಿಡವೇ ಉಳಿದಿರಲಿಲ್ಲ. ಐದನೇ ಸಲ ದೇವಯ್ಯನವರೇ, "ನೀನೊಬ್ಬ ಇದ್ದೀಯಲ್ಲ ಚಲುವ, ನಂಗೆ ಹಿತ್ತಲ ಕಡೆ ಯೋಚ್ನೇನೇ ಇಲ್ಲ ನೋಡು," ಎಂದು ಅವನ ಭುಜ ತಟ್ಟಿದರು. ಆ ಕೈ ಅವನಿಗೆ ಒಂದು ಟ್ರಾಕ್ಟರಿನಷ್ಟು ಭಾರವಾಯಿತು. ಏಳನೇ ಸಲ ಗೇಟಿನಿಂದಲೇ ತಿರುಗಿದ. ನಿಮಿಷಾ ಕಿಟಕಿಯಿಂದ ನೋಡುತ್ತಿದ್ದಳು. ನಗಲೂ ಇಲ್ಲ, ಅಣಕಿಸಲೂ ಇಲ್ಲ. ಅದು ಅವನನ್ನು ಇನ್ನಷ್ಟು ಹೆದರಿಸಿತು.

ಮಲ್ಲಿಗೆ ಗಿಡಕ್ಕೆ ಯಾರ ಸಂಕಟವೂ ಗೊತ್ತಿರಲಿಲ್ಲ. ನೀರು ನಿಂತದ್ದೇ ತಡ ಬುದ್ಧಿ ಕಲಿತು, ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ, ನಕ್ಷತ್ರ ಸುರಿದಂತೆ ಮೊಗ್ಗಾಗಿ ನಿಂತಿತು. ಅಷ್ಟು ಮೊಗ್ಗನ್ನು ಕಾವೇರಿ ಬಯಲು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

"ಬಾರ್ಲಾ ಚಲುವ," ಎಂದು ಅಜ್ಜಿ ಫೋನಿನಲ್ಲಿ ಕುಣಿದಳು. "ನೀನೇ ಕತ್ತರಿಸ್ದೋನು, ನೀನೇ ಬಿಡಿಸ್ಕೊಡು. ನಾಕು ಗಂಟೆಗೆ ಸಿಂಧಘಟ್ಟದೋರು ಬತ್ತಾವ್ರೆ."

ಅವನು ಬಂದ. ಬಿದಿರಿನ ಬುಟ್ಟಿ ತುಂಬ ಮೊಗ್ಗು ಬಿಡಿಸಿದ. ಅವನ ಕೈ ಒಂದು ಮೊಗ್ಗಿಗೂ ನೋವು ಮಾಡಲಿಲ್ಲ. ಅಜ್ಜಿ ನಡುಮನೆಯಲ್ಲಿ ಚಾಪೆ ಹಾಸಿ, ಬಾಳೆನಾರು ನೆನೆಹಾಕಿಕೊಂಡು ಕೂತಿದ್ದಳು. ದೇವಯ್ಯನವರು ಕುರ್ಚಿಯಲ್ಲಿದ್ದರು. ನಿಮಿಷಾ ಗೋಡೆಗೆ ಒರಗಿ, ಹೊಸ ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ತತ್ತಾ ಬುಟ್ಟಿಯ," ಎಂದು ಅಜ್ಜಿ ಕೈ ಚಾಚಿದಳು.

ಚಲುವರಾಜು ಬುಟ್ಟಿ ಮುಂದಕ್ಕೆ ಹಿಡಿದ. ಬಿಡಲಿಲ್ಲ.

"ಬುಡ್ಲಾ."

ಬುಟ್ಟಿಯ ಅಂಚಿಗೆ ಅವನ ಬೆರಳು ಕಚ್ಚಿಕೊಂಡಿದ್ದವು. ಅಜ್ಜಿ ಎಳೆದಳು. ಎಪ್ಪತ್ತಾರು ವರ್ಷದ ಹೆಂಗಸೂ ಮೂವತ್ತರ ಗಂಡಸೂ ಒಂದು ಬುಟ್ಟಿ ಮಲ್ಲಿಗೆಯನ್ನು ಅತ್ತ ಇತ್ತ ಎಳೆದಾಡಿದರು. ನಾಲ್ಕು ಮೊಗ್ಗು ಉರುಳಿ ದೇವಯ್ಯನವರ ಕಾಲಬಳಿ ಬಿದ್ದವು.

"ಏನ್ಲಾ ಆಗದೆ ನಿಂಗೆ? ಕೊಡ್ಲಾ!"

"ಆಗಲ್ಲ ಅಜ್ಜಿ."

"ಯಾಕ್ಲಾ ಆಗಲ್ಲ?"

"ಆಗ್ತಾ ಇಲ್ಲ. ಕೊಡ್ಬೇಕು ಅಂತಾನೇ ಬಂದೆ. ಕೈ ಬುಡ್ತಾ ಇಲ್ಲ." ಅವನು ಬುಟ್ಟಿಯನ್ನು ಇನ್ನೂ ತನ್ನ ಕಡೆಗೆ ಎಳೆದುಕೊಂಡ. "ಈ ಹೂವ ಬೇರೆಯೋರಿಗಾಗಿ ಮೇಡಮ್ಮೋರ ತಲೆಗೆ ಇಡೋದಾದ್ರೆ ನಾನು ಕೊಡಲಾರೆ ಅಜ್ಜಿ. ಮೂರು ವರ್ಷ ಆಯ್ತು. ನಿಮ್ಮನೇಲಿ ಅನ್ನ ಉಂಡಿವ್ನಿ, ತಪ್ಪು ಅಂತ ಗೊತ್ತು. ಹೊಡೀರಿ, ಬಯ್ಯಿರಿ. ಆದ್ರೆ ಇದ ಕೊಡಕ್ಕಾಗಲ್ಲ."

ಗೋಡೆ ಗಡಿಯಾರ ಎರಡು ಸಲ ಬಡಿದುಕೊಳ್ಳುವುದನ್ನು ಬಿಟ್ಟಿತು.

ದೇವಯ್ಯನವರು ಮಗಳ ಕಡೆ ತಿರುಗಿದರು. "ನಿಮಿಷಾ?"

"ನಂಗೂ ಅಷ್ಟೇ ಅಪ್ಪ, ಮೂರು ವರ್ಷ," ಅಂದಳು ಅವಳು. ಮುಖ ತಗ್ಗಿಸಲಿಲ್ಲ. "ಗಿಡಕ್ಕೆ ಯೂರಿಯಾ ಹಾಕಿದ್ದೂ ನಾನೇ. ಇವ್ರ ತಪ್ಪಿಲ್ಲ."

"ನಾನು ಕೇಳ್ದಾಗ ಯಾಕೆ ಹೇಳ್ಲಿಲ್ಲ?"

"ಇವ್ರೇ ಏನೂ ಹೇಳಿರ್ಲಿಲ್ಲ. ಏನಂತ ಹೇಳ್ಲಿ?"

ಸಿದ್ದಲಿಂಗಮ್ಮ ಬುಟ್ಟಿ ಬಿಟ್ಟು ಹಣೆ ಚಚ್ಚಿಕೊಂಡಳು. "ಯೂರಿಯಾವಾ? ನನ್ನ ಗಿಡಕ್ಕಾ? ಅಯ್ಯೋ ನಿನ್ ಮನೆ ಕಾಯ್ವಾಗ!" ಗಂಡಿನ ವಿಷಯಕ್ಕಿಂತ ಅದೇ ಅವಳಿಗೆ ಹೆಚ್ಚು ತಾಗಿದಂತಿತ್ತು.

ದೇವಯ್ಯನವರು ಫೋನು ತೆಗೆದುಕೊಂಡು ಬೀದಿಗೆ ಹೋದರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಮಾತು ಕೇಳಿಸುತ್ತಿರಲಿಲ್ಲ, ತಲೆ ಮಾತ್ರ ತಗ್ಗುತ್ತ ತಗ್ಗುತ್ತ ಹೋಯಿತು. ವಾಪಸ್ಸು ಬಂದಾಗ ಹತ್ತು ವರ್ಷ ಮುದುಕರಾಗಿದ್ದರು.

"ಅವ್ರು ಬರಲ್ಲ. ಹುಡುಗ ಏನೂ ಅನ್ನಲಿಲ್ಲ, ಅವ್ರಪ್ಪ ಬಯ್ದ್ರು. ಬಯ್ಯೋದು ನ್ಯಾಯ." ಚಲುವರಾಜುವಿನ ಕಡೆ ನೋಡದೆಯೇ ಹೇಳಿದರು. "ನಿನ್ನ ಭುಜದ ಮೇಲೆ ಕೈ ಹಾಕಿ ನಂಬಿದ್ನಲ್ಲಪ್ಪ. ಅಷ್ಟು ಸಲ ಬಂದೆ. ಒಂದ್ಸಲ ಹೇಳ್ಬೋದಾಗಿತ್ತು."

ಚಲುವರಾಜು ಬಗ್ಗಿ, ಕುರ್ಚಿಯ ಬಳಿ ಬಿದ್ದಿದ್ದ ನಾಲ್ಕು ಮೊಗ್ಗನ್ನು ಆರಿಸಿ ಬುಟ್ಟಿಗೆ ಹಾಕಿದ.

"ಡಿಸೆಂಬರಿಗೆ ಈ ಗಿಡ ಮತ್ತೆ ಕಟಿಂಗಿಗೆ ಬತ್ತದಲ್ಲ? ಅಲ್ಲಿಗಂಟ ನಮ್ಮ ಗೇಟು ದಾಟ್ಬೇಡ. ಆಮೇಲೂ ಇಬ್ರಿಗೂ ಇದೇ ಮನಸಿದ್ರೆ ನಿಮ್ಮ ಕಡೆ ದೊಡ್ಡೋರ್ನ ಕರ್ಕೊಂಡು ಬಾ. ನೋಡಾನ. ನೋಡಾನ ಅಂದೆ ಅಷ್ಟೆ, ಆಯ್ತು ಅಂದಿಲ್ಲ."

ಚಲುವರಾಜು ತಲೆಯಾಡಿಸಿ, ಬುಟ್ಟಿಯನ್ನು ಈಗ ಕೆಳಗಿಟ್ಟು, ಹೊರಟ.

"ನಿಂತ್ಕಳ್ಲಾ," ಅಂದಳು ಅಜ್ಜಿ. "ಮೊಗ್ಗು ಸಂಜೆಗೆ ಅರಳೋಯ್ತವೆ, ಡಿಸೆಂಬರ್ ಗಂಟ ಕಾಯಲ್ಲ. ಈ ಗಿಡದ ವರ್ಸದ ಮೊದಲ ಊವ ಚೆಲ್ಲೋ ಅಂಗಿಲ್ಲ. ತಕ್ಕಂಡೋಗು. ಗೇಟಾಚೆ ಕುಂತ್ಕಂಡು ಕಟ್ಟು."

"ನಂಗೆ ಕಟ್ಟಕ್ಕೆ ಬರಲ್ಲ ಅಜ್ಜಿ."

"ಕತ್ತರಿಸಾಕ್ ಬತ್ತದೆ, ಕಟ್ಟಾಕ್ ಬರಕಿಲ್ವಾ? ಕಲ್ತ್ಕೋ."

ನಾಲ್ಕು ತಾಲ್ಲೂಕಿಗೆ ಒಬ್ಬನೇ ಆಗಿದ್ದ ಚಲುವರಾಜು ಹೀಗೆ ಗೇಟಿನ ಆಚೆ, ಚರಂಡಿಯ ಕಲ್ಲಿನ ಮೇಲೆ, 'ಏನಪ್ಪಾ ಇದು?' ಎಂದು ಕೇಳಿಕೊಂಡು ಹೋಗುವ ಇಡೀ ಪಾಂಡವಪುರದ ಮುಂದೆ, ಬಾಳೆನಾರು ಹಿಡಿದು ಕೂತ. ಎರಡು ಮೊಗ್ಗು ಈಚೆ ಇಟ್ಟರೆ ಎರಡು ಆಚೆ ಜಾರುತ್ತಿದ್ದವು. ನಾರು ಬಿಗಿದರೆ ತೊಟ್ಟು ಮುರಿಯುತ್ತಿತ್ತು, ಸಡಿಲಿಸಿದರೆ ಹೂವು ಉದುರುತ್ತಿತ್ತು. ಗಂಟೆ ಮೂರಾಯಿತು, ನಾಲ್ಕಾಯಿತು, ಐದಾಯಿತು. ಬುಟ್ಟಿಯಲ್ಲಿದ್ದ ಮೊಗ್ಗುಗಳು ಅವನ ಕಣ್ಣೆದುರೇ ಬಾಯಿ ತೆರೆಯತೊಡಗಿದವು. ಪರಿಮಳ ಬೀದಿ ದಾಟಿ ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲಿಂದ ಕೆ.ಆರ್. ಪೇಟೆ ಬಸ್ಸು ಹತ್ತಿಹೋಯಿತು.

ಗೇಟಿನ ಒಳಗೆ ನಿಮಿಷಾ ಬಂದು ನಿಂತಳು. ಕಂಬಿಗಳ ನಡುವೆ ಮುಖವಿಟ್ಟು ನೋಡಿದಳು.

"ಎಷ್ಟಾಯ್ತು?"

ಅವನು ಎತ್ತಿ ತೋರಿಸಿದ. ಒಂದು ಗೇಣೂ ಇರಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನಡುವೆ ನಾರು ಬರಿಮೈಯಲ್ಲಿ ನಿಂತಿತ್ತು.

"ಅಯ್ಯಪ್ಪಾ! ನೀವು ಮೊಳ ಮುಗಿಸೋ ಅಷ್ಟ್ರಲ್ಲಿ ನಂಗೆ ರಿಟೈರ್‌ಮೆಂಟು ಆಗ್ತದೆ."

"ಒಂಬತ್ತು ತಿಂಗ್ಳು ಅದಲ್ಲ ಮೇಡಂ. ಕಲ್ತ್ಕತೀನಿ."

"ಒಂಬತ್ತು ತಿಂಗ್ಳು." ಅವಳು ಆ ಮಾತನ್ನು ಬಾಯಲ್ಲಿ ಹಿಡಿದುಕೊಂಡಳು. ನಗು ತುಟಿಯವರೆಗೆ ಬಂದು ನಿಂತಿತು. "ಅಪ್ಪ ದಾಟ್ಬೇಡ ಅಂದಿದ್ದು ಗೇಟು. ಏಳೂಕಾಲಿನ ಬಸ್ಸು ಗೇಟಿನೊಳಗೆ ಓಡಲ್ಲ ಅಲ್ವಾ?"

"ಇಲ್ಲ ಮೇಡಂ."

"ಮತ್ತೆ ನನ್ನ ಹೆಸರು ಮೇಡಂ ಅಲ್ಲ."

ಅವನು ಒಂದು ಸಲ ಉಸಿರು ಎಳೆದುಕೊಂಡ. "ನಿಮಿಷಾ," ಅಂದ. ಜೀವಮಾನದಲ್ಲಿ ಅಷ್ಟು ಉದ್ದದ ಮಾತನ್ನು ಅವನು ಆಡಿರಲಿಲ್ಲ.

ಅವಳು ತಿರುಗಿ, ಬೆನ್ನನ್ನು ಗೇಟಿಗೆ ಒತ್ತಿ, ಜಡೆಯನ್ನು ಕಂಬಿಗಳ ನಡುವಿನಿಂದ ಆಚೆಗೆ ಬಿಟ್ಟಳು. ಚಲುವರಾಜು ಜಗಲಿಯ ಕಡೆ ನೋಡಿದ. ದೇವಯ್ಯನವರು ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಅವನ ಕಡೆ ಒಂದು ಗಳಿಗೆ ನೋಡಿ, ಆಮೇಲೆ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, ಬೆಳಿಗ್ಗೆಯೇ ಓದಿ ಮುಗಿಸಿದ್ದ ಪೇಪರನ್ನು ಮುಖದ ತುಂಬ ಹರಡಿದರು.

ಅವನು ಗೇಟು ದಾಟಲಿಲ್ಲ. ಕೈ ಮಾತ್ರ ದಾಟಿತು. ಆ ಸೊಟ್ಟ ದಂಡೆಯನ್ನು ಜಡೆಗೆ ಸಿಕ್ಕಿಸಿದ.

ಹೂವು ಜಾರಿ ಬಿತ್ತು.

"ಬಿದ್ದೋಯ್ತು," ಅಂದಳು ಅವಳು. "ಇನ್ನೊಂದ್ಸಲ."

ಎತ್ತಿ ಸಿಕ್ಕಿಸಿದ. ಮತ್ತೆ ಬಿತ್ತು. ಮೂರನೆಯ ಸಲ ಸಿಕ್ಕಿಸುವಾಗ ಕಣ್ಣಿಟ್ಟು ನೋಡಿದ. ಅವನ ಬೆರಳು ಜಡೆಯಿಂದ ಆಚೆ ಬಂದ ಕೂಡಲೇ ಅವಳ ತಲೆ ತುಸುವೇ ತುಸು ಎಡಕ್ಕೆ ಅಲುಗಿತು, ಹೂವು ಬಿತ್ತು.

ಅವನು ಬಗ್ಗಿ ಹೂವೆತ್ತಿ, ಧೂಳು ಊದಿ, ಮತ್ತೆ ಮೊದಲಿನಿಂದ ಸಿಕ್ಕಿಸತೊಡಗಿದ.